ಬಂಡೆಯ ಮುಂದೆ ಎಷ್ಟು ಜನ ನಿಲ್ಲಬಹುದು?

“ನೀನು ಅಲ್ಲಿ ಹೋಗಿ ನಿಂತು ನೋಡಿದ್ದೀಯೇನಮ್ಮಾ?”

ನನ್ನ ಸಾರಲೇಖ (ಪ್ರಬಂಧದ ಚಿಕ್ಕ ಸಾರ) ಓದಿ ಮುಗಿಸಿ ಪಿಎಚ್.ಡಿ. ಮಾರ್ಗದರ್ಶಕರು ಕೇಳಿದ್ದು ಇದೊಂದೇ ಪ್ರಶ್ನೆ. ಡಿಸೆಂಬರ್ ಕೊನೆಯ ವಾರ ಬಳ್ಳಾರಿಯಲ್ಲಿ ವಿಚಾರ ಸಂಕಿರಣ. ಸಾರಲೇಖ ಆಯ್ಕೆಯಾಗಿತ್ತು, ಶುಲ್ಕ ಕಟ್ಟಿಯಾಗಿತ್ತು, ಪೂರ್ಣ ಪ್ರಬಂಧ ಮುಕ್ಕಾಲು ಪಾಲು ಮುಗಿದಿತ್ತು. ನನ್ನ ವಾದ ಇಷ್ಟು: ಅಶೋಕನ ಲಘು ಶಿಲಾಶಾಸನಗಳನ್ನು ನಮ್ಮ ಕಡೆಯ ಜನ ಓದಲಿಲ್ಲ, ಕೇಳಿದರು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಬ್ರಾಹ್ಮಿ ಲಿಪಿ ಓದಬಲ್ಲವರು ಇಲ್ಲಿ ಎಷ್ಟು ಜನ ಇದ್ದಾರು? ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪಾಠದಲ್ಲಿ ಶಾಸನ ತನ್ನನ್ನು ತಾನೇ ‘ಸಾವನ’ ಎಂದು ಕರೆದುಕೊಳ್ಳುತ್ತದೆ. ಶ್ರವಣ ಎಂಬ ನಮ್ಮ ಮಾತಿನ ಮೂಲವೇ ಅದರ ಮೂಲವೂ. ಕೇಳಿಸಿದ್ದು ಎಂದು ಅರ್ಥ. ಕೇಳಿಸಿದ್ದೇ ನಿಜವಾದರೆ ಬಂಡೆಯ ಮುಂದೆ ಜನ ನೆರೆಯುವಷ್ಟು ಜಾಗ ಇರಲೇಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಐದು ಬಂಡೆಗಳನ್ನು ಸಾಕ್ಷಿಗೆ ಕರೆದಿದ್ದೆ: ಮಸ್ಕಿ, ಗವಿಮಠ, ಪಾಲ್ಕಿಗುಂಡು, ನಿಟ್ಟೂರು, ಉಡೇಗೋಳ.

ಇವುಗಳಲ್ಲಿ ನಾನು ಕಣ್ಣಾರೆ ಕಂಡದ್ದು ಮಸ್ಕಿ ಒಂದನ್ನೇ, ಅದೂ ಏಳನೇ ತರಗತಿಯಲ್ಲಿ. ಉಳಿದದ್ದೆಲ್ಲ ಪುಸ್ತಕ ಮತ್ತು ಫೋಟೊ. ಹೌದು ಎನ್ನಲಾಗದೆ ತಲೆ ತಗ್ಗಿಸಿದೆ. “ಐದು ದಿನ ಇದೆಯಲ್ಲ, ಹೋಗಿ ಬಾ” ಎಂದರು.

ಗುಡ್ಡ ಗವಿ ಎಂದಮೇಲೆ ಒಬ್ಬಳನ್ನೇ ಕಳಿಸಲು ಅವ್ವ ಒಪ್ಪಲಿಲ್ಲ. ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುವ ನನ್ನ ಸೋದರಮಾವ ಐದು ದಿನದ ಕೂಲಿ ಬಿಟ್ಟು ಜೊತೆಗೆ ಬಂದ. ಭತ್ತದ ಸುಗ್ಗಿ, ಗಿರಣಿಗೆ ರಾತ್ರಿ ಹಗಲು ಕೆಲಸ ಇರುವ ಕಾಲ. ಅಂಥ ಹೊತ್ತಿನಲ್ಲಿ ಕೂಲಿ ಬಿಡುವುದೆಂದರೆ ಏನೆಂದು ನಮ್ಮ ಮನೆಯವರಿಗೆ ಗೊತ್ತು.

ಮೊದಲ ದಿನ: ಮಸ್ಕಿ

ಸಿಂಧನೂರಿನಿಂದ ಬೆಳಗಿನ ಬಸ್ಸು. ರಸ್ತೆಯ ಒಂದು ಬದಿಗೆ ಉದ್ದಕ್ಕೂ ಭತ್ತ ಹರವಿದ್ದರು. ಕಾಲುವೆಯ ನೀರು ಹತ್ತುವ ನೆಲ ಮುಗಿದು ಕಲ್ಲುಗುಡ್ಡ ಕಾಣಿಸತೊಡಗಿದರೆ ಮಸ್ಕಿ ಬಂತು ಎಂದೇ ಲೆಕ್ಕ.

1915ರಲ್ಲಿ ಈ ಗುಡ್ಡದಲ್ಲಿ ಶಾಸನವನ್ನು ಕಂಡವರು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್. ಹಟ್ಟಿಯ ಚಿನ್ನದ ಸೀಮೆ ಇಲ್ಲಿಗೆ ದೂರವಲ್ಲ; ಅವರು ಹುಡುಕುತ್ತಿದ್ದುದು ಚಿನ್ನವನ್ನು. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಓದಿ ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಪ್ರಕಟಿಸಿದರು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯ ಗಂಟು ಬಿಡಿಸಿದಾಗ ಸಿಕ್ಕಿದ್ದು ‘ದೇವಾನಂಪಿಯ ಪಿಯದಸಿ’, ದೇವರಿಗೆ ಪ್ರಿಯನಾದ ಪ್ರಿಯದರ್ಶಿ, ಎಂಬ ಹೆಸರು. ಅವನೇ ಅಶೋಕ ಎಂದು ಸಿಂಹಳದ ಗ್ರಂಥಗಳ ಬಲದಿಂದ ಹೇಳುತ್ತಿದ್ದರೇ ಹೊರತು ಕಲ್ಲಿನ ಮೇಲೆ ಆ ಹೆಸರು ಸಿಕ್ಕಿರಲಿಲ್ಲ. ಎಪ್ಪತ್ತೆಂಟು ವರ್ಷ ಕಾದ ಮೇಲೆ ಮಸ್ಕಿಯ ಮೊದಲ ಸಾಲಿನಲ್ಲೇ ‘ದೇವಾನಂಪಿಯಸ ಅಸೋಕಸ’ ಎಂದು ಸಿಕ್ಕಿತು. ಏಳನೇ ತರಗತಿಯ ಮಾಸ್ತರರು ಇದನ್ನು ಹೇಳುವಾಗ ಅವರ ದನಿ ನಡುಗಿದ್ದು ನನಗೆ ಇನ್ನೂ ನೆನಪಿದೆ. ನಾನು ಇತಿಹಾಸ ಹಿಡಿದದ್ದು ಆ ದನಿಯಿಂದ.

ಬಂಡೆಯ ಮುಂದೆ ನಿಂತು ಮಾವನಿಗೆ ಸಾಲು ಸಾಲಾಗಿ ಓದಿ ಹೇಳಿದೆ. ಬುದ್ಧನ ಅನುಯಾಯಿಯಾಗಿ ಎರಡೂವರೆ ವರ್ಷ ಕಳೆಯಿತು ಎಂದು ದೊರೆ ತನ್ನ ಮಾತು ತಾನೇ ಹೇಳಿಕೊಳ್ಳುತ್ತಾನೆ. ಮುಂದೆ ಹೋದಂತೆ, ಇದು ದೊಡ್ಡವರಿಗೆ ಮಾತ್ರ ದಕ್ಕುವುದು ಎಂದು ತಿಳಿಯಬಾರದು ಎನ್ನುತ್ತಾನೆ. ಆಮೇಲೆ ಬರುವ ಮಾತು: ‘ಖುದಕೆ ಚ ಉಡಾಲಕೆ ಚ ವತವಿಯಾ’. ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು.

ಮಾವ ಬಹಳ ಹೊತ್ತು ಸುಮ್ಮನೆ ನೋಡಿದ. “ಇಬ್ಬರಿಗೂ ಹೇಳಬೇಕಂದ್ರ, ಹೇಳಾಂವ ಯಾರಿದ್ದ ಯವ್ವಾ?”

ರಾಜನ ಅಧಿಕಾರಿಗಳು, ಮಹಾಮಾತ್ರರು, ರಜ್ಜುಕರು ಎಂದು ಪುಸ್ತಕದ ಉತ್ತರ ಕೊಟ್ಟೆ. “ಅವರ ಕೈಕೆಳಗಿನವರು?” ಎಂದ. ಅದಕ್ಕೆ ಪುಸ್ತಕದಲ್ಲಿ ಉತ್ತರ ಇರಲಿಲ್ಲ.

ಬಂಡೆಯ ಸುತ್ತ ಟೇಪು ಹಿಡಿದು ಅಳೆದೆವು. ಮಾವ ಒಂದು ತುದಿ, ನಾನು ಒಂದು ತುದಿ. ಎಲ್ಲಿ ನಿಂತರೆ ಅಕ್ಷರ ಕಾಣುತ್ತದೆ, ಎಲ್ಲಿ ನಿಂತರೆ ಮಾತು ಕೇಳುತ್ತದೆ ಎಂದು ಎರಡು ಬೇರೆ ಬೇರೆ ಗೆರೆ ಎಳೆದುಕೊಂಡೆ. ಕಾಣುವ ಗೆರೆಗಿಂತ ಕೇಳುವ ಗೆರೆ ಬಹಳ ಹೊರಗೆ ಬಿತ್ತು. ಗುಡ್ಡದ ಬುಡದ ಬಯಲೂ ಒಳಗೆ ಬಂತು. ನನ್ನ ವಾದ ಗಟ್ಟಿಯಾಯಿತೆಂದು ಹಿಗ್ಗಿ ಅಲ್ಲೇ ಕುಳಿತು ಪೆನ್ಸಿಲಿನಲ್ಲಿ ನಕ್ಷೆ ಬರೆದೆ.

ರಾತ್ರಿ ಪರಿಚಯದವರ ಮನೆಯಲ್ಲಿ ಉಳಿದು ಸ್ಲೈಡು ತೆರೆದೆ. ಇಪ್ಪತ್ತೆರಡು ಇದ್ದವು. ಮಂಡನೆಗೆ ಇದ್ದದ್ದು ಹದಿನೈದು ನಿಮಿಷ.

ಎರಡನೆಯ ದಿನ: ಗಂಗಾವತಿ, ಕನಕಗಿರಿ

ಬಸ್ಸಿನ ದಿನ. ಮಸ್ಕಿಯಿಂದ ಮತ್ತೆ ಸಿಂಧನೂರು, ಕಾರಟಗಿ, ಗಂಗಾವತಿ. ಗಂಗಾವತಿ ಬಸ್ ನಿಲ್ದಾಣದ ಹತ್ತಿರ ಒಗ್ಗರಣೆ ಮಿರ್ಚಿ ತಿಂದು ಕನಕಗಿರಿಯ ಬಸ್ಸು ಹಿಡಿದೆವು. ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎನ್ನುವುದು ನಮ್ಮ ಕಡೆಯ ಮಾತು. ಕನಕಾಚಲಪತಿಯ ಗುಡಿಯ ಕಂಬಗಳನ್ನು ಮಾವ ಒಂದೊಂದಾಗಿ ಮುಟ್ಟಿ ನೋಡಿದ.

ನಾನು ಬಂದದ್ದು ಊರಿನ ಹೆಸರಿಗಾಗಿ. ಬ್ರಹ್ಮಗಿರಿಯ ಶಾಸನ ಆರಂಭವಾಗುವುದೇ ‘ಸುವರ್ಣಗಿರಿಯಿಂದ’ ಎಂದು. ಅಲ್ಲಿನ ಆರ್ಯಪುತ್ರ (ರಾಜಕುಮಾರ) ಮತ್ತು ಮಹಾಮಾತ್ರರು ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಕುಶಲ ಕೇಳಿ ಮುಂದಿನ ಮಾತು ಹೇಳುತ್ತಾರೆ. ಆ ಸುವರ್ಣಗಿರಿ ಕನಕಗಿರಿಯೇ ಎಂದು ಕೆಲವರು, ಮಸ್ಕಿ ಎಂದು ಕೆಲವರು, ಕರ್ನೂಲು ಸೀಮೆಯ ಜೊನ್ನಗಿರಿ ಎಂದು ಕೆಲವರು. ಇದಕ್ಕೆಂದು ಮೂರು ಸ್ಲೈಡು ಮಾಡಿಟ್ಟಿದ್ದೆ. ಗುಡಿಯ ಜಗುಲಿಯ ಮೇಲೆ ಕುಳಿತು ಯೋಚಿಸಿದರೆ, ಈ ಚರ್ಚೆಗೂ ಬಂಡೆಯ ಮುಂದೆ ನೆರೆದ ಜನಕ್ಕೂ ಸಂಬಂಧವೇ ಇಲ್ಲ. ತಿಳಿದದ್ದನ್ನೆಲ್ಲ ಹೇಳಿಬಿಡುವ ಆಸೆಯಿಂದ ಸೇರಿಸಿದ್ದೆ. ಮೂರನ್ನೂ ತೆಗೆದೆ. ನನ್ನ ಜೊತೆಯ ಸಂಶೋಧಕರಿಗೂ ಇದನ್ನು ಹೇಳಬೇಕೆನ್ನಿಸುತ್ತದೆ: ಮಹಾಪ್ರಬಂಧದ ಅಧ್ಯಾಯವನ್ನೇ ಕತ್ತರಿಸಿ ಸಂಕಿರಣಕ್ಕೆ ತಂದರೆ ಅದು ಪ್ರಬಂಧವಾಗುವುದಿಲ್ಲ. ಒಂದು ಪ್ರಶ್ನೆ, ಅದಕ್ಕೆ ಬೇಕಾದಷ್ಟೇ ಸಾಕ್ಷಿ, ಮಿಕ್ಕದ್ದು ಮನೆಯಲ್ಲಿರಲಿ.

ಕೊಪ್ಪಳದ ಕಡೆ ಹೊರಟ ಬಸ್ಸಿನಲ್ಲಿ ಮಾವ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದ: “ನಿನ್ನೆ ನೀ ಓದಿದೆಲ್ಲ, ಆ ಭಾಷಿ ನಮಗ ತಿಳಿಯಂಗಿಲ್ಲ. ಆಗಿನ ಮಂದಿಗೆ ತಿಳೀತಿತ್ತೇನು?”

ಶಾಸನದ ಭಾಷೆಯಾದ ಪ್ರಾಕೃತ ಈ ಸೀಮೆಯ ಮನೆಮಾತಾಗಿತ್ತು ಎನ್ನಲು ಆಧಾರವಿಲ್ಲ. ‘ಇಸಿಲ’ ಎಂಬುದು ಕೋಟೆ ಎಂಬ ಅರ್ಥದ ಕನ್ನಡದ ಮಾತು ಎಂದು ಡಿ.ಎಲ್. ನರಸಿಂಹಾಚಾರ್ಯರು ಹೇಳಿದ್ದು ನಿಜವಾದರೆ, ಇಲ್ಲಿನವರ ಬಾಯಲ್ಲಿ ಆಗಲೇ ಕನ್ನಡವಿತ್ತು. ಆದರೆ ಸಾಮಾನ್ಯವಾಗಿ ಒಪ್ಪಿರುವಂತೆ ಕನ್ನಡ ಕಲ್ಲಿಗೆ ಇಳಿದದ್ದು ಹಲ್ಮಿಡಿಯಲ್ಲಿ, ಸುಮಾರು 450ರ ಹೊತ್ತಿಗೆ; ಅಶೋಕನಿಂದ ಏಳುನೂರು ವರ್ಷ ಈಚೆ. ಅಂದಮೇಲೆ ಬಂಡೆಯ ಮೇಲಿನದನ್ನು ಯಾರೋ ಒಬ್ಬರು ಜನರ ಮಾತಿಗೆ ತಿರುಗಿಸಿಯೇ ಹೇಳಿರಬೇಕು. ಇದು ನನಗೆ ಗೊತ್ತಿದ್ದದ್ದೇ. ಆದರೂ ಆ ‘ಯಾರೋ ಒಬ್ಬರು’ ಅಲ್ಲಿ ಎದ್ದು ನಿಂತದ್ದು ಮಾವ ಕೇಳಿದ ಮೇಲೆ.

ಮೂರನೆಯ ದಿನ: ಕೊಪ್ಪಳ

ಬೆಳಿಗ್ಗೆ ಗವಿಮಠ. ಜನವರಿಯ ಗವಿಸಿದ್ಧೇಶ್ವರ ಜಾತ್ರೆಗೆ ಆಗಲೇ ಸಿದ್ಧತೆ ನಡೆದಿತ್ತು. ಮಹಾದಾಸೋಹಕ್ಕೆಂದು ಊರೂರಿನವರು ಮನೆಯಲ್ಲಿ ಬಡಿದ ಜೋಳದ ರೊಟ್ಟಿಗಳನ್ನು ತಂದು ಒಪ್ಪಿಸುತ್ತಿದ್ದರು. ಕೊಪ್ಪಳ ಸಾವಿರಾರು ವರ್ಷದಿಂದ ಜನ ಸೇರುವ ಊರು. ಜೈನರಿಗೆ ಕೊಪಣ ಮಹಾತೀರ್ಥ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳಿರುವ ನಾಡನ್ನು ಗುರುತಿಸಲು ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು.

ಗವಿಮಠ ಮತ್ತು ಪಾಲ್ಕಿಗುಂಡುವಿನ ಶಾಸನಗಳು ಬೆಳಕಿಗೆ ಬಂದದ್ದು 1931ರಲ್ಲಿ. ಆರ್.ಎಲ್. ಟರ್ನರ್ ಮರುವರ್ಷ ಎರಡನ್ನೂ ಒಟ್ಟಿಗೆ ಪ್ರಕಟಿಸಿದರು. ಗವಿಮಠದ ಬಂಡೆಯ ಮೇಲೆ ಇನ್ನೊಂದು ಬಂಡೆ ಕೊಡೆಯಂತೆ ಚಾಚಿದೆ. ಅದಕ್ಕೇ ಎಂಟು ಸಾಲುಗಳೂ ಚೆನ್ನಾಗಿ ಉಳಿದಿವೆ. ಟೇಪು ಹಿಡಿದೆವು, ನಕ್ಷೆ ಬರೆದೆವು. ಇಲ್ಲಿಯೂ ನನ್ನ ಲೆಕ್ಕ ತಪ್ಪಲಿಲ್ಲ.

ಪಾಲ್ಕಿಗುಂಡುವಿಗೆ ಹೊರಟಾಗ ಬಿಸಿಲು ಏರಿತ್ತು. ದೂರದಿಂದ ನೋಡಿದರೆ ಹೆಸರು ತಾನೇ ಬಾಯಿಗೆ ಬರುತ್ತದೆ: ಎರಡು ಬಂಡೆಗಳ ಹೆಗಲ ಮೇಲೆ ಒಂದು ಅಗಾಧ ಬಂಡೆ, ಹೊತ್ತು ನಿಲ್ಲಿಸಿದ ಪಲ್ಲಕ್ಕಿ. ಶಾಸನ ಇರುವುದು ಆ ಪಲ್ಲಕ್ಕಿಯ ನೆರಳಲ್ಲಿ, ಗುಡ್ಡದ ನೆತ್ತಿಯಲ್ಲಿ. ಹತ್ತುವಾಗ ಚಪ್ಪಲಿ ಕಳಚಿ ಚೀಲಕ್ಕೆ ಹಾಕಿದೆ. ಕೊನೆಯ ಭಾಗದಲ್ಲಿ ಮಾವ ಮೊದಲು ಹತ್ತಿ ನನ್ನ ಕೈ ಹಿಡಿದೆಳೆದ. ಮೇಲೆ ನಿಂತಾಗ ಕೊಪ್ಪಳ ಪೂರ್ತಿ ಕೆಳಗೆ ಹರಡಿಕೊಂಡಿತ್ತು, ಗಾಳಿ ಕಿವಿಗೆ ಹೊಡೆಯುತ್ತಿತ್ತು. ಅಕ್ಷರಗಳು ಸವೆದಿವೆ. ಬೆರಳು ತಾಗಿಸದೆ ಬೆಳಕಿನ ಓರೆ ನೋಡಿಕೊಂಡು ಹುಡುಕಿದರೆ ಅಲ್ಲೊಂದು ಇಲ್ಲೊಂದು ಗೆರೆ.

ಟೇಪು ತೆಗೆಯಲೇ ಇಲ್ಲ. ತೆಗೆದು ಅಳೆಯಲು ಏನಿತ್ತು? ಅಲ್ಲಿ ಜನ ನೆರೆಯುವುದು ಸಾಧ್ಯವಿಲ್ಲ. ಕೆಳಗಿನ ಬಯಲಿನವರಿಗೆ ಕೇಳಿಸುವುದಂತೂ ದೂರ, ಮೂರು ಮಾರು ಆಚೆ ನಿಂತ ಮಾವನ ಮಾತು ಗಾಳಿಗೆ ನನಗೇ ಕೇಳುತ್ತಿರಲಿಲ್ಲ.

ಒಂದು ಕ್ಷಣ ಕೆಟ್ಟ ಯೋಚನೆ ಬಂತು. ಐದರಲ್ಲಿ ನಾಲ್ಕು ಸಾಕು. ಗವಿಮಠವನ್ನೇ ಕೊಪ್ಪಳದ ಪ್ರತಿನಿಧಿ ಎಂದು ಇಟ್ಟುಕೊಂಡು ಪಾಲ್ಕಿಗುಂಡುವನ್ನು ಅಡಿಟಿಪ್ಪಣಿಗೆ ಇಳಿಸಿಬಿಟ್ಟರೆ ಯಾರು ಕೇಳುತ್ತಾರೆ? ಸಂಕಿರಣಕ್ಕೆ ಬರುವವರಲ್ಲಿ ಎಷ್ಟು ಜನ ಈ ಗುಂಡು ಹತ್ತಿದ್ದಾರೆ? ಯೋಚನೆ ಬಂದಷ್ಟೇ ಬೇಗ ಮೈ ಬಿಸಿಯಾಯಿತು. ನನ್ನ ಮನೆಯಿಂದ ಹೈಸ್ಕೂಲು ದಾಟಿದ ಮೊದಲ ಹೆಣ್ಣುಮಗಳು ನಾನು. ಅವ್ವ ಕಳೆ ಕಿತ್ತ ದುಡ್ಡಿನಲ್ಲಿ ಓದಿ, ಕಂಡದ್ದನ್ನು ಕಂಡಿಲ್ಲ ಎನ್ನುವುದಕ್ಕಾಗಿ ನಾನು ಇಲ್ಲಿಯತನಕ ಬಂದಿಲ್ಲ.

ಸಂಜೆ ಲಾಡ್ಜಿನ ಕೋಣೆಯಲ್ಲಿ ಊಟ ಸೇರಲಿಲ್ಲ. ಮಾವ ರೊಟ್ಟಿ, ಪುಂಡಿಪಲ್ಯ ಕಟ್ಟಿಸಿಕೊಂಡು ಬಂದಿದ್ದ. ಏನಾಯಿತೆಂದು ಕೇಳಿದ, ಹೇಳಿದೆ. ಜನ ಬಂಡೆಯ ಮುಂದೆ ನಿಂತು ಕೇಳುತ್ತಿದ್ದರು ಎಂದು ಬರೆದಿದ್ದೇನೆ, ಅಲ್ಲಿ ನಿಲ್ಲಲು ಜಾಗವೇ ಇಲ್ಲ.

ಮಾವ ರೊಟ್ಟಿ ಮುರಿಯುತ್ತಿದ್ದವನು ನಿಲ್ಲಿಸಿದ.

“ನಿಮ್ಮ ಅಜ್ಜ ಡಂಗುರ ಸಾರತಿದ್ದ. ಆಮ್ಯಾಲ ನಾ ಸಾರಿದೆ. ಪಂಚಾಯ್ತಿಯಾಗ ಒಂದು ಚೀಟಿ ಬರೀತಿದ್ರು. ನಾಳಿ ಸಂತಿ ಐತಿ, ನಾಡಿದ್ದು ಕಾಲುವಿ ನೀರು ಬಂದ್ ಅಂತ. ಅದನ್ನ ಒಬ್ಬರು ಓದಿ ಹೇಳತಿದ್ರು, ನಾವು ಬಾಯಾಗ ಇಟ್ಟುಕೊಂಡು ಓಣಿ ಓಣಿಗೆ ಹೋಗತಿದ್ವಿ. ಚೀಟಿ ಪಂಚಾಯ್ತಿಯಾಗ ಇರತಿತ್ತು. ನಾಳೆ ಯಾರಾರ ಹಂಗಂದಿಲ್ಲ ಅಂದ್ರ ತೆಗೆದು ತೋರಸಾಕ. ಚೀಟಿ ಮುಂದ ಊರು ನೆರೀತೈತೇನು?”

ನಾನು ಸುಮ್ಮನಾಗಿಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ಮುಂದುವರಿಸಿದ. ದೊಡ್ಡವರ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಸಾರಬೇಕಿತ್ತಂತೆ. ಹಲಗೆಯ ಪೆಟ್ಟು ಕೇಳಿ ಹೊರಗೆ ಬಂದವರು ಮಾತು ಮುಗಿಯುವ ಮೊದಲೇ ಕದ ಹಾಕಿಕೊಳ್ಳುತ್ತಿದ್ದರಂತೆ. ಒಂದು ವರ್ಷ ಅವನು ಹಲಗೆಯನ್ನು ಮನೆಯ ಜಂತಿಗೆ ನೇತುಹಾಕಿ ಸಿಂಧನೂರಿಗೆ ಹಮಾಲಿಗೆ ಹೋದ. ಆ ಹಲಗೆಯ ಬಗ್ಗೆ ಅವನು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ನಾನು ಐದು ವರ್ಷದಿಂದ ‘ಮೌಖಿಕ ಪ್ರಸಾರ’ ಎಂಬ ಪದ ಬರೆಯುತ್ತಾ ಬಂದಿದ್ದೇನೆ. ಅದನ್ನು ಮೈಯಿಂದ ಬಲ್ಲವನು ನನ್ನ ಮನೆಯಲ್ಲೇ ಇದ್ದ.

ಆ ರಾತ್ರಿ ಶಾಸನಗಳ ಪಾಠವನ್ನು ಮತ್ತೊಮ್ಮೆ ಮೊದಲಿನಿಂದ ಓದಿದೆ. ಮಧ್ಯಪ್ರದೇಶದ ರೂಪನಾಥದ ಪಾಠದಲ್ಲಿ, ಇದನ್ನು ಪರ್ವತಗಳ ಮೇಲೆ ಬರೆಸಿ ಎಂಬ ಆಜ್ಞೆ ಬೇರೆಯಾಗಿಯೇ ಇದೆ. ವಿಷಯ ಚಿರಕಾಲ ನಿಲ್ಲಲಿ ಎಂಬ ಮಾತೂ ಇದೆ. ಕೇಳಿಸುವುದು ಒಂದು ಕೆಲಸ, ಕಲ್ಲಿನಲ್ಲಿ ನಿಲ್ಲಿಸುವುದು ಇನ್ನೊಂದು ಕೆಲಸ. ನಾನು ಎರಡನ್ನೂ ಒಂದೇ ಜಾಗದಲ್ಲಿ ಕಟ್ಟಿಹಾಕಿದ್ದೆ. ನೂರು ಸಲ ಓದಿದ ಸಾಲುಗಳವು.

ನಾಲ್ಕನೆಯ ದಿನ: ನಿಟ್ಟೂರು, ಉಡೇಗೋಳ

ಬೆಳಗಿನ ರೈಲಿಗೆ ಮುನಿರಾಬಾದ್, ಹೊಸಪೇಟೆ, ತೋರಣಗಲ್ಲು ದಾಟಿ ಬಳ್ಳಾರಿ. ರೈಲಿನಲ್ಲಿ ಕುಳಿತೇ ಪ್ರಬಂಧದ ಶೀರ್ಷಿಕೆ ಬದಲಿಸಿದೆ. ಬಳ್ಳಾರಿಯಿಂದ ಸಿರುಗುಪ್ಪದ ಬಸ್ಸು. ಮತ್ತೆ ಭತ್ತ, ಮತ್ತೆ ಹಸಿ ಹುಲ್ಲಿನ ವಾಸನೆ.

ಸಿರುಗುಪ್ಪ ತಾಲ್ಲೂಕಿನ ಈ ಎರಡು ಶಾಸನಗಳು ನನ್ನ ಐದರಲ್ಲಿ ಎಲ್ಲಕ್ಕಿಂತ ತಡವಾಗಿ, 1970ರ ದಶಕದ ಕೊನೆಯಲ್ಲಿ ಸಿಕ್ಕಿದವು. ಮಸ್ಕಿಯಂತೆ ಇಲ್ಲಿಯೂ ಅಶೋಕ ಎಂಬ ಹೆಸರಿದೆ. ನನಗೆ ಅದಕ್ಕಿಂತ ಮುಖ್ಯವಾದದ್ದು ಬೇರೆ. ಲಘು ಶಿಲಾಶಾಸನಗಳು ಎರಡು. ಮಸ್ಕಿಯಲ್ಲಿ, ಕೊಪ್ಪಳದಲ್ಲಿ ಇರುವುದು ಮೊದಲನೆಯದು ಮಾತ್ರ. ನಿಟ್ಟೂರು, ಉಡೇಗೋಳಗಳಲ್ಲಿ ಎರಡನೆಯದೂ ಇದೆ. ಆ ಎರಡನೆಯ ಶಾಸನದ ಪಾಠ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ವಿವರವಾಗಿ ಸಿಗುತ್ತದೆ: ರಜ್ಜುಕನಿಗೆ ಆಜ್ಞೆ ಕೊಡಬೇಕು, ಅವನು ಜನಪದದವರಿಗೆ ಭೇರಿಯಿಂದ ತಿಳಿಸಬೇಕು. ಭೇರಿ ಎಂದೇ ಇದೆ.

ನಿಟ್ಟೂರಿನಲ್ಲಿ ನಮ್ಮ ಬೀಗರ ಪೈಕಿಯವರ ಮನೆಯೊಂದಿದೆ. ಚಹಾ ಕುಡಿಯುತ್ತಿದ್ದಾಗ ಮಾವ ಗೋಡೆಯ ಕಡೆ ನೋಡಿ, “ಹಲಗಿ ಐತೇನು?” ಎಂದ. ನಾನು ಕೇಳಿರಲಿಲ್ಲ, ಕೇಳುವ ಧೈರ್ಯವೂ ನನಗೆ ಇರಲಿಲ್ಲ. ಅವರು ಕೊಟ್ಟರು. ಮಾವ ಅಂಗಳದಲ್ಲಿ ಭತ್ತದ ಹುಲ್ಲಿಗೆ ಕಡ್ಡಿ ಗೀರಿ, ಹಲಗೆಯನ್ನು ಉರಿಯ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸಿದ. ಬೆರಳಿನಿಂದ ಒಮ್ಮೆ ತಟ್ಟಿದ, ಮತ್ತೆ ಕಾಯಿಸಿದ, ಮತ್ತೆ ತಟ್ಟಿದ. ತೊಗಲು ಬಿಗಿದು ದನಿ ಏರಿದ ಮೇಲೆ ಎದ್ದ.

ಶಾಸನದ ಬಂಡೆಯ ಹತ್ತಿರ ಬಾರಿಸಲಿಲ್ಲ, ಅದು ಸಂರಕ್ಷಿತ ಜಾಗ. ನಾನು ಬಂಡೆಯಿಂದ ತುಸು ಆಚೆ ಬಯಲಿನಲ್ಲಿ ಫೋನಿನ ರೆಕಾರ್ಡರ್ ಹಚ್ಚಿ ನಿಂತೆ. ಮಾವ ಕೊಯ್ದ ಗದ್ದೆಯ ಬದುವಿನ ಮೇಲೆ ಬಾರಿಸುತ್ತಾ, ಸಾರುತ್ತಾ ದೂರ ದೂರ ನಡೆದ. “ಕೇಳ್ರೆಪ್ಪೋ ಕೇಳ್ರಿ! ಸಣ್ಣೋರು ದೊಡ್ಡೋರು ಎಲ್ಲಾರೂ ಕೇಳ್ರಿ!” ಮಸ್ಕಿಯ ಮಾತನ್ನು ಅವನು ತನ್ನ ಕನ್ನಡಕ್ಕೆ ತಿರುಗಿಸಿಕೊಂಡಿದ್ದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮಾತು ಕರಗಿತು. ಹಲಗೆ ಕರಗಲಿಲ್ಲ. ಅವನು ಚುಕ್ಕೆಯಷ್ಟಾದ ಮೇಲೂ ಪೆಟ್ಟು ಒಂದೊಂದಾಗಿ ಸ್ಪಷ್ಟವಾಗಿ ಬರುತ್ತಿತ್ತು. ಗದ್ದೆಯ ಕೆಲಸದವರು ಬೆನ್ನೆತ್ತಿ ನೋಡಿದರು. ಇಬ್ಬರು ಹುಡುಗರು ಓಡಿ ಬಂದರು.

ಮಾವ ಬೆವರು ಒರೆಸುತ್ತಾ ಬಂದ. ಅಲ್ಲಿ ಕೇಳಿದ್ದೇನು, ಕೇಳದ್ದೇನು ಎಂದು ಹೇಳಿದೆ. “ಮತ್ತೇನು” ಎಂದ. “ಹಲಗಿ ಕರೀತೈತಿ, ಬಾಯಿ ಹೇಳತೈತಿ. ಕರಿಯೋದು ದೂರದವರನ್ನ, ಹೇಳೋದು ಹತ್ತಿರ ಬಂದವರಿಗೆ.”

ಇದನ್ನು ನಾನು ಪ್ರಬಂಧದಲ್ಲಿ ಹಾಗೆಯೇ ಬರೆದೆ. ಭೇರಿ ಎಂದರೆ ಸುದ್ದಿಯನ್ನು ಹೊತ್ತು ಹೋಗುವ ವಾದ್ಯವಲ್ಲ, ಜನರನ್ನು ಬರಿಸುವ ವಾದ್ಯ. ಸುದ್ದಿಯನ್ನು ಹೊರುವುದು ಬಾಯಿ. ಹಾಗಾದರೆ ಒಂದೇ ಜಾಗದಲ್ಲಿ ಒಮ್ಮೆ ಸಾರಿದರೆ ಸಾಲದು, ಊರೂರಿಗೆ ಹೋಗಬೇಕು. ಬಂಡೆಯ ಮುಂದಿನ ಬಯಲು ಎಷ್ಟು ದೊಡ್ಡದು ಎಂಬ ನನ್ನ ಅಳತೆಯಿಂದ ಏನೂ ಸಾಬೀತಾಗುವುದಿಲ್ಲ. ಮಸ್ಕಿಯ ನಕ್ಷೆಯನ್ನು ಉಳಿಸಿಕೊಂಡೆ, ಅದರ ಪಕ್ಕದಲ್ಲೇ ಪಾಲ್ಕಿಗುಂಡುವಿನ ಫೋಟೊ ಇಟ್ಟೆ.

ಉಡೇಗೋಳಕ್ಕೆ ಹೋಗುವಾಗ ಹೊತ್ತು ಇಳಿಯುತ್ತಿತ್ತು. ಬಂಡೆ ನೋಡಿ, ನಾಲ್ಕು ಫೋಟೊ ತೆಗೆದು, ಕೊನೆಯ ಬಸ್ಸಿಗೆ ಓಡಿದೆವು. ಅಲ್ಲಿ ಇನ್ನೊಮ್ಮೆ ನಿಧಾನವಾಗಿ ನಿಲ್ಲಬೇಕು.

ಬಳ್ಳಾರಿಯ ಲಾಡ್ಜಿನಲ್ಲಿ ರಾತ್ರಿ ಎರಡರವರೆಗೆ ಕೆಲಸ. ಹಳೆಯ ಅಧ್ಯಾಯಗಳು ‘ನುಡಿ’ ತಂತ್ರಾಂಶದಲ್ಲಿದ್ದವು. ಯೂನಿಕೋಡಿಗೆ ತಿರುಗಿಸಿದಾಗ ಒತ್ತಕ್ಷರಗಳು ಅಲ್ಲಲ್ಲಿ ಹಾರಿಹೋಗಿದ್ದವು, ಬ್ರಾಹ್ಮಿಯ ಅಕ್ಷರಗಳ ಬದಲು ಬರೀ ಚೌಕಗಳು. ಎಲ್ಲವನ್ನೂ ಕಣ್ಣಿನಿಂದ ತಿದ್ದಿದೆ. ಬ್ರಾಹ್ಮಿಯ ಸಾಲುಗಳನ್ನು ಚಿತ್ರವಾಗಿ ಅಂಟಿಸಿದೆ, ಇಡೀ ಕಡತವನ್ನು ಪಿಡಿಎಫ್ ಮಾಡಿ ಪೆನ್‌ಡ್ರೈವಿಗೂ ಮಿಂಚಂಚೆಗೂ ಹಾಕಿದೆ. ಇಪ್ಪತ್ತೆರಡಿದ್ದ ಸ್ಲೈಡು ಒಂಬತ್ತಾದವು. ಆಮೇಲೆ ಮಾವನನ್ನು ಎಬ್ಬಿಸದಂತೆ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಗಡಿಯಾರ ಇಟ್ಟು ಓದಿದೆ: ಹದಿನೇಳು ನಿಮಿಷ. ಎರಡು ಪ್ಯಾರಾ ತೆಗೆದು ಮತ್ತೆ ಓದಿದೆ: ಹದಿನಾಲ್ಕು.

ಐದನೆಯ ದಿನ: ಬಳ್ಳಾರಿ

ಉದ್ಘಾಟನೆ ಒಂದೂವರೆ ಗಂಟೆ ತಡವಾಯಿತು. ಶಾಲು, ಹಾರ, ನೆನಪಿನ ಕಾಣಿಕೆ. ಮಧ್ಯಾಹ್ನದ ಗೋಷ್ಠಿ ಶುರುವಾಗುವ ಹೊತ್ತಿಗೆ ಸಂಶೋಧನಾ ವಿದ್ಯಾರ್ಥಿಗಳಿಗೆ ತಲಾ ಎಂಟು ನಿಮಿಷ ಎಂದರು. ನನಗೆ ಸಿಟ್ಟು ಬಂತು, ಈಗಲೂ ಇದೆ. ವರ್ಷಗಟ್ಟಲೆ ದುಡಿದು ಬಂದವರ ಸಮಯದಿಂದಲೇ ಏಕೆ ಯಾವಾಗಲೂ ಕಡಿತ? 2016ರ ಯುಜಿಸಿ ನಿಯಮದಂತೆ ಮಹಾಪ್ರಬಂಧ ಸಲ್ಲಿಸುವ ಮೊದಲು ಎರಡು ಸಂಕಿರಣಗಳಲ್ಲಿ ಮಂಡನೆ ಕಡ್ಡಾಯವಿತ್ತು. ಆಗ ಪ್ರಮಾಣಪತ್ರಕ್ಕಾಗಿ ಬರುವವರ ಸಾಲೇ ಇತ್ತು. 2022ರ ನಿಯಮದಲ್ಲಿ ಆ ಕಡ್ಡಾಯ ಹೋಯಿತು. ಈಗ ಬರುವವರಲ್ಲಿ ಬಹಳ ಮಂದಿ ಹೇಳಲು ಏನೋ ಇದೆ ಎಂದೇ ಬರುತ್ತಾರೆ. ಅವರ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವ ಏರ್ಪಾಡು ಮಾತ್ರ ಇನ್ನ್ಯಾವಾಗ ಆಗುವುದೋ.

ನನಗಿಂತ ಮೊದಲು ಮಂಡಿಸಿದ ಕಲಬುರಗಿಯ ಹುಡುಗಿಯ ಸ್ಲೈಡುಗಳು ಆ ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡವೆಲ್ಲ ಒಡೆದುಹೋಗಿತ್ತು. ಅವಳು ಗಾಬರಿಯಾಗಿ ನಿಂತಳು. ಸ್ಲೈಡು ಬಿಡು, ಹಾಗೇ ಹೇಳು ಎಂದು ಕುಳಿತಲ್ಲಿಂದಲೇ ಸನ್ನೆ ಮಾಡಿದೆ. ಅವಳು ಚೆನ್ನಾಗಿ ಹೇಳಿದಳು.

ನನ್ನ ಸರದಿ ಬಂದಾಗ ನಾನೂ ಒಂಬತ್ತರಲ್ಲಿ ಎರಡನ್ನೇ ತೋರಿಸಿದೆ, ಮಸ್ಕಿಯ ನಕ್ಷೆ ಮತ್ತು ಪಾಲ್ಕಿಗುಂಡುವಿನ ಫೋಟೊ. ಸಾರಲೇಖದಲ್ಲಿ ನಾನು ಬರೆದದ್ದು ತಪ್ಪು ಎಂದು ಮೊದಲ ವಾಕ್ಯದಲ್ಲೇ ಹೇಳಿದೆ. ಏಕೆ ತಪ್ಪು ಎಂದು ಪಾಲ್ಕಿಗುಂಡು ಹತ್ತಿದ್ದನ್ನು ಹೇಳಿದೆ. ಚೀಟಿ ಮತ್ತು ಡಂಗುರದ ಮಾತು ಹೇಳಿದೆ, ರೂಪನಾಥದ ಸಾಲು ಹೇಳಿದೆ, ಭೇರಿಯ ಸಾಲು ಹೇಳಿ ನಿಟ್ಟೂರಿನ ರೆಕಾರ್ಡಿಂಗ್ ಕೇಳಿಸಿದೆ. ಕೋಣೆಯಲ್ಲಿ ಮಾವನ ಹಲಗೆ ಬಡಿಯಿತು, ಮಾತು ಕರಗಿತು, ಪೆಟ್ಟು ಉಳಿಯಿತು. ಕಾರಿಡಾರಿನಲ್ಲಿ ನಿಂತಿದ್ದ ಕೆಲವರು ಒಳಗೆ ಬಂದರು. ಮಾವ ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಅವನ ಮುಖ ನೋಡಲು ನನಗೆ ಆಗಲಿಲ್ಲ.

ಅಧ್ಯಕ್ಷತೆ ವಹಿಸಿದ್ದ ಹಿರಿಯರು ಒಂದೇ ಪ್ರಶ್ನೆ ಕೇಳಿದರು. “ಚೀಟಿ ಒಂದೇ ಸಾಕಲ್ಲಮ್ಮಾ? ಒಂದೇ ಊರಲ್ಲಿ, ಒಂದೇ ಪಾಠವನ್ನು ಗವಿಮಠದಲ್ಲೂ ಪಾಲ್ಕಿಗುಂಡುವಿನಲ್ಲೂ ಎರಡು ಸಲ ಏಕೆ ಕೊರೆಸಿದರು?” ಉತ್ತರ ನನ್ನ ಬಳಿ ಇಲ್ಲ, ಕೆಲಸ ಮಾಡುತ್ತೇನೆ ಎಂದೆ. ಅವರು ತಲೆಯಾಡಿಸಿ ಏನೋ ಬರೆದುಕೊಂಡರು. ಆ ಪ್ರಶ್ನೆಯೇ ಈಗ ನನ್ನ ಮುಂದಿನ ಅಧ್ಯಾಯ.

ಚಹಾದ ಹೊತ್ತಿಗೆ ಸಂಪಾದಕರ ಕಡೆಯವರು ಬಂದು, ಪ್ರಬಂಧಗಳ ಸಂಪುಟಕ್ಕೆ ತಿದ್ದಿದ ಪ್ರತಿ ಹದಿನೈದು ದಿನದಲ್ಲಿ ಕಳಿಸಿ ಎಂದರು. “ಆ ಡಂಗುರದ ಮಾಹಿತಿ ಯಾರದ್ದು? ಹಾಗೇ ಬಿಡುವಂತಿಲ್ಲ. ವಕ್ತೃವಿನ ವಿವರ ಬೇಕು” ಎಂದು ಒಂದು ನಮೂನೆ ಕೊಟ್ಟರು.

ಬಸ್ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗೆ ಕಾಯುತ್ತಾ ಅದನ್ನು ತುಂಬಿಸಿದೆವು. ಹೆಸರು ಬರೆದೆ. ಊರು ಬರೆದೆ. ವಯಸ್ಸು ಕೇಳಿದೆ, ಅಂದಾಜು ಹೇಳಿದ. ಉದ್ಯೋಗ ಎಂಬ ಸಾಲಿಗೆ ಬಂದಾಗ, ಗೊತ್ತಿದ್ದದ್ದೇ ಎಂದು ‘ಹ’ ಎಂದು ಬರೆಯತೊಡಗಿದ್ದೆ. ಮಾವ ನನ್ನ ಕೈ ಹಿಡಿದ.

“ತಡಿ. ಅದನ್ನ ಬರೀಬ್ಯಾಡ. ಸಾರೋದು ಅಂತ ಬರಿ.”

ಬರೆದೆ. ಸಿಂಧನೂರಿನ ಬಸ್ಸು ಬಂತು.